ಹೇಳುವುದು ಚಾಡಿಯಲ್ಲ

ಮಾತು ಬಾರದ ಮಗುವನ್ನೋ, ಬುದ್ಧಿ ಪೂರ್ಣವಾಗಿ ಬೆಳೆಯದ ತಮ್ಮನನ್ನೋ, ಮರೆವಿನ ರೋಗಕ್ಕೆ ತುತ್ತಾದ ತಾಯಿಯನ್ನೋ ಪರರ ಆರೈಕೆಗೆ ಒಪ್ಪಿಸಬೇಕಾಗಿ ಬಂದಿರುವ ಸಂಸಾರಗಳು ನಮ್ಮ ವಾಚಕರಲ್ಲಿ ಹಲವು ಇರಬಹುದು. ವಸತಿಶಾಲೆ, ಆಶ್ರಮ, ಆರೈಕೆ ಕೇಂದ್ರ, ಹೆಸರು ಯಾವುದಾದರೂ ಆಗಲಿ, ಅಲ್ಲಿ ಬಹುಮಂದಿ ಸೇವಕರು ಶ್ರದ್ಧೆಯಿಂದಲೇ ದುಡಿಯುವರು. ಆದರೂ ಎಲ್ಲಿ ಮನುಷ್ಯರಿರುವರೋ ಅಲ್ಲಿ ಅವಘಡವೂ ಉಂಟು; ಕೆಲವು ವೇಳೆ ಕ್ರೌರ್ಯವೂ ಉಂಟು. ಆಗ ಕಂಡವರು ಮಾಡತಕ್ಕುದೇನು? ಈ ತಿಂಗಳು ನಾವು ವಿಚಾರಿಸಬೇಕೆಂದಿರುವುದು ಇದನ್ನೇ.

ಇಂತಹ ಸಂಗತಿಯನ್ನು ಹೊರಗೆ ಹೇಳಲು ನಮ್ಮ ಜನರು ಹಿಂಜರಿಯುವುದಕ್ಕೆ ಕಾರಣಗಳಿಲ್ಲದಿಲ್ಲ. ದೂರಿದರೆ ಮಗುವನ್ನು ಹೊರಕ್ಕೆ ಕಳುಹಿಸಿಬಿಡುವರೇನೋ ಎಂಬ ಅಂಜಿಕೆ ತಾಯಿತಂದೆಗಳಿಗೆ. ಹೊಟ್ಟೆಯ ಅನ್ನಕ್ಕೆ ಕಲ್ಲು ಬಿದ್ದೀತೆಂಬ ಅಂಜಿಕೆ ಸೇವಕರಿಗೆ. ಸಂಸ್ಥೆಯ ಮಾನ ಹೋದೀತೆಂಬ ಅಂಜಿಕೆ ಮೇಲಿನವರಿಗೆ. ಇವೆಲ್ಲದರ ಮೇಲೆ, 'ಚಾಡಿ ಹೇಳಬಾರದು' ಎಂದು ಚಿಕ್ಕಂದಿನಿಂದ ಕಲಿತ ಪಾಠ ಬೇರೆ. ಆದರೆ ಚಾಡಿಯೆಂಬುದು ತನ್ನ ಲಾಭಕ್ಕಾಗಿ ಮರೆಯಲ್ಲಿ ಆಡುವ ಮಾತು. ನೊಂದವನ ರಕ್ಷಣೆಗಾಗಿ, ಕ್ರಮ ಕೈಗೊಳ್ಳಬಲ್ಲವರ ಮುಂದೆ ಕಂಡುದನ್ನು ಕಂಡಂತೆ ಹೇಳುವುದು ಅದರ ಜಾತಿಗೆ ಸೇರುವುದಿಲ್ಲ. ತನಗಾದುದನ್ನು ತಾನೇ ಹೇಳಲಾರದವನಿಗೆ ನೋಡಿದವರ ನಾಲಗೆಯೇ ನಾಲಗೆ.

ಎಲ್ಲರೂ ನೋಡಿಯೂ ಯಾರೂ ಹೇಳದಿದ್ದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಗೆ ಮನೋರೋಗಿಗಳನ್ನು ಗುಣವಾಗಲೆಂದು ಕರೆತರುವ ವಾಡಿಕೆಯಿತ್ತು. ಅಲ್ಲಿನ ಖಾಸಗಿ ಆಶ್ರಯಗೃಹವೊಂದಕ್ಕೆ 2001ನೆಯ ಇಸವಿ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಿತು. ಸಂಕೋಲೆಯಿಂದ ಬಿಗಿಯಲ್ಪಟ್ಟಿದ್ದ ರೋಗಿಗಳು ಓಡಲಾರದೆ ಹೋದರು. 28 ಮಂದಿ ಪ್ರಾಣ ನೀಗಿದರು. ಆ ಸಂಕೋಲೆಗಳೇನೂ ಗುಟ್ಟಾಗಿರಲಿಲ್ಲ. ಬಂದು ಹೋಗುವವರ ಕಣ್ಣಿಗೆ ಅವು ಕಾಣುತ್ತಲೇ ಇದ್ದುವು. ದಿನವೂ ಕಾಣುವ ಅನ್ಯಾಯವು ಕಾಲಕ್ರಮದಲ್ಲಿ ವಾಡಿಕೆಯಾಗಿಬಿಡುವುದು. ವಾಡಿಕೆಯಾದುದನ್ನು ವರದಿ ಮಾಡಬೇಕೆಂದು ಯಾರಿಗೂ ತೋರುವುದಿಲ್ಲ.

ಹೇಳಿದರೆ ಮಾತ್ರ ಸಾಲದು, ಕೇಳುವವರೂ ಬೇಕೆಂಬುದಕ್ಕೆ ಇಂಗ್ಲೆಂಡಿನಿಂದ ಒಂದು ನಿದರ್ಶನ ದೊರೆಯುವುದು. ಬ್ರಿಸ್ಟಲ್ ನಗರದ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಿದ್ದಿತು. ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಅಲ್ಲಿ ಇರಿಸಿಕೊಳ್ಳುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಕಂಡ ಶುಶ್ರೂಷಕರೊಬ್ಬರು ಮೇಲಿನವರಿಗೂ ಸರಕಾರದ ಪರಿಶೀಲನಾ ಸಂಸ್ಥೆಗೂ ತಿಳಿಸಿದರು. ಫಲವಾಗಲಿಲ್ಲ. ಕಡೆಗೆ ಬಿ.ಬಿ.ಸಿ.ಯ ವರದಿಗಾರನೊಬ್ಬನು ಗುರುತು ಮರೆಸಿ ಅಲ್ಲಿ ಕೆಲಸಕ್ಕೆ ಸೇರಿ ತೆಗೆದ ಚಿತ್ರವು 2011ನೆಯ ಮೇ 31ರಂದು ಪ್ರಸಾರವಾದ ಮೇಲೆಯೇ ನಾಡು ಎಚ್ಚತ್ತಿತು. ಆಸ್ಪತ್ರೆಯನ್ನು ಮುಚ್ಚಲಾಯಿತು. 2012ರಲ್ಲಿ 11 ಮಂದಿ ಸಿಬ್ಬಂದಿಗೆ ಶಿಕ್ಷೆಯಾಯಿತು. ಅವರಲ್ಲಿ 6 ಮಂದಿ ಸೆರೆಮನೆಗೆ ಹೋದರು. ತರುವಾಯದ ವಿಚಾರಣೆಯಿಂದ ತಿಳಿದುಬಂದುದೇನೆಂದರೆ, ಪೊಲೀಸರಿಗೆ ಒಂದು ಸುದ್ದಿ, ಸ್ಥಳೀಯ ಮಂಡಲಿಗೆ ಒಂದು ಸುದ್ದಿ, ಬೇರೆ ಆಸ್ಪತ್ರೆಗೆ ಒಂದು ಸುದ್ದಿ ಹೀಗೆ ಚೂರುಚೂರಾಗಿ ಹೋಗಿದ್ದಿತೇ ಹೊರತು, ಆ ಚೂರುಗಳನ್ನು ಕೂಡಿಸಿ ನೋಡಿದವರು ಇರಲಿಲ್ಲ.

ಈ ಬಗೆಯ ಕೊರತೆಯನ್ನು ತುಂಬಲೆಂದು ಆಸ್ಟ್ರೇಲಿಯಾ ದೇಶವು ಒಂದು ಕಟ್ಟುಪಾಡನ್ನು ಮಾಡಿರುವುದು. ಅಂಗವೈಕಲ್ಯವುಳ್ಳವರಿಗೆ ಸರಕಾರದ ವಿಮಾ ಯೋಜನೆಯಡಿ ಸೇವೆ ಸಲ್ಲಿಸುವ ನೋಂದಾಯಿತ ಸಂಸ್ಥೆಗಳ ಮೇಲ್ವಿಚಾರಣೆಗಾಗಿ 2018ರಿಂದ ಅಲ್ಲಿ ಒಂದು ಆಯೋಗವಿದೆ. ಮರಣ, ತೀವ್ರವಾದ ಗಾಯ, ಹಿಂಸೆ, ನಿರ್ಲಕ್ಷ್ಯ, ಲೈಂಗಿಕ ದುರ್ವರ್ತನೆ ಇವುಗಳಲ್ಲಿ ಯಾವುದೊಂದು ಆದರೂ ಸಂಸ್ಥೆಗೆ ತಿಳಿದ 24 ಗಂಟೆಗಳೊಳಗಾಗಿ ಆಯೋಗಕ್ಕೆ ತಿಳಿಸತಕ್ಕದ್ದು. ಪುರಾವೆಗಾಗಿ ಕಾಯಬೇಕಾಗಿಲ್ಲ, ಆಪಾದನೆ ಬಂದರೂ ಸಾಕು. ಇಷ್ಟಾದರೂ ಅಲ್ಲಿ ಎಲ್ಲವೂ ಸರಿಹೋಗಲಿಲ್ಲ. 2019ರಲ್ಲಿ ನೇಮಕವಾದ ವಿಚಾರಣಾ ಆಯೋಗವು 2023ರಲ್ಲಿ 222 ಶಿಫಾರಸುಗಳನ್ನು ಮಾಡಬೇಕಾಯಿತು.

ನಮ್ಮ ದೇಶದಲ್ಲಿಯೂ ಶಾಸನವಿಲ್ಲದಿಲ್ಲ, ಬಲ್ಲವರು ಕಡಮೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 7ನೆಯ ಪ್ರಕರಣದ ಪ್ರಕಾರ, ಹಿಂಸೆಯೋ ಶೋಷಣೆಯೋ ನಡೆದಿದೆ, ನಡೆಯುತ್ತಿದೆ, ಅಥವಾ ನಡೆಯುವ ಸಂಭವವಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ಅವರು ಕೂಡಲೇ ತಡೆಯುವ ಕ್ರಮ ಕೈಗೊಳ್ಳತಕ್ಕದ್ದು. ಕರ್ನಾಟಕದ ತಾಲ್ಲೂಕುಗಳಲ್ಲಿ ತಹಸೀಲ್ದಾರರೇ ಈ ಅಧಿಕಾರವುಳ್ಳವರು. 2017ರ ಮಾನಸಿಕ ಆರೋಗ್ಯ ಅಧಿನಿಯಮವು ರೋಗಿಗಳಿಗೆ ಸಂಕೋಲೆ ಹಾಕುವುದನ್ನು ಪೂರ್ತಿಯಾಗಿ ನಿಷೇಧಿಸಿದೆ. ಕೂಡಲೇ ಒದಗುವ ಹಾನಿಯನ್ನು ತಪ್ಪಿಸಲು ಅನಿವಾರ್ಯವಾಗಿ ರೋಗಿಯನ್ನು ಕಟ್ಟಿ ಹಿಡಿಯಬೇಕಾಗಿ ಬಂದರೆ, ಆತನ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಗಳೊಳಗೆ ತಿಳಿಸಬೇಕೆಂದೂ ವಿಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ವಿಷಯದಲ್ಲಂತೂ 2012ರ ಪೋಕ್ಸೋ ಕಾಯಿದೆಯಂತೆ ತಿಳಿಸುವುದು ಎಲ್ಲರ ಕಡ್ಡಾಯ ಕರ್ತವ್ಯ. ತಿಳಿಸದವರಿಗೆ 6 ತಿಂಗಳವರೆಗೂ, ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೂ ಸೆರೆವಾಸ ವಿಧಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬಾರದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂಬುದನ್ನು ಪ್ರತಿ ಮನೆಯವರೂ ನೆನಪಿನಲ್ಲಿಡಬೇಕು.

ಇನ್ನು ಮನೆಯವರು ಮಾಡಬಹುದಾದ ಕೆಲಸ. ಮುನ್ಸೂಚನೆ ಕೊಡದೆ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿ ಬರುವುದು ಲೇಸು. ಕಾರಣ ತಿಳಿಯದ ಕಂದು, ತಟ್ಟನೆ ಇಳಿದ ತೂಕ, ಒಬ್ಬಾತನನ್ನು ಕಂಡೊಡನೆ ಮುದುಡುವ ಮೈ, ಹೊಸದಾಗಿ ಬಂದ ಮೌನ ಇವು ಮಾತಿಲ್ಲದವರ ಮಾತು. ಕಂಡೊಡನೆ ದಿನಾಂಕ, ಹೊತ್ತು, ಸ್ಥಳ, ಇದ್ದವರ ಹೆಸರು ಇವುಗಳನ್ನು ಅಂದೇ ಬರೆದಿಡಬೇಕು. ಕಣ್ಣಾರೆ ಕಂಡುದು ಒಂದು ಕಡೆ, ಕೇಳಿದ್ದು ಒಂದು ಕಡೆ, ನಮ್ಮ ಊಹೆ ಮತ್ತೊಂದು ಕಡೆ, ಮೂರನ್ನೂ ಕಲಸಕೂಡದು. ಮೊದಲು ವೈದ್ಯರಿಗೆ ತೋರಿಸಿ, ಬಳಿಕ ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿಯನ್ನು ಪಡೆಯಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಕಾಲ ಬರುವವರೆಗೆ ಸುಮ್ಮನಿರುವುದು ವಿವೇಕವಲ್ಲ.

ಸಂಸ್ಥೆಗಳನ್ನು ನಡೆಸುವ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ. ವರ್ಷವೆಲ್ಲ ಖಾಲಿಯಾಗಿರುವ ಅವಘಡದ ಪುಸ್ತಕವನ್ನು ನೋಡಿ ಹಿಗ್ಗಬೇಡಿ. ಮುದುಕರೂ ಅಶಕ್ತರೂ ಇರುವ ಮನೆಯಲ್ಲಿ ವರ್ಷಕ್ಕೊಂದು ಬಿದ್ದ ಸುದ್ದಿಯೂ ಇಲ್ಲವೆಂದರೆ, ಹೇಳಲು ಅಂಜುವವರು ಅಲ್ಲಿ ಇದ್ದಾರೆಂದು ಶಂಕಿಸುವುದೇ ಸರಿ. ತಪ್ಪನ್ನು ತಂದು ಹೇಳಿದ ಆಯಾಳನ್ನು ಗದರಿಸದೆ, ಆಕೆಯ ಮುಂದೆಯೇ ಅದನ್ನು ಬರೆದುಕೊಂಡು, ಏನು ಕ್ರಮವಾಯಿತೆಂದು ಆಕೆಗೂ ರೋಗಿಯ ಮನೆಯವರಿಗೂ ತಿಳಿಸುವ ಸಂಸ್ಥೆಗೆ ನಾವು ನಮ್ಮವರನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು. ಸೇರಿಸುವ ಮೊದಲೇ, "ನಿಮ್ಮಲ್ಲಿ ಅವಘಡವಾದರೆ ಯಾರು ಬರೆಯುವರು, ನಮಗೆ ಎಷ್ಟು ಹೊತ್ತಿನಲ್ಲಿ ತಿಳಿಸುವಿರಿ?" ಎಂದು ವಾಚಕರು ತಪ್ಪದೆ ಕೇಳಲೆಂಬುದು ನಮ್ಮ ಪ್ರಾರ್ಥನೆ.