ಕಾವೇರಿಯ ಜಗಳ, ನಟನ ಅನ್ನ

ಚಲಚ್ಚಿತ್ರದಲ್ಲಿ ತಂದೆಯೋ, ಸೇವಕನೋ, ಖಳನೋ ಆಗಿ ಕಥೆಯ ಭಾರವನ್ನು ಹೊರುವ ಪೋಷಕ ನಟನು ಒಂದು ಬಗೆಯಲ್ಲಿ ಕೂಲಿಯ ಮನುಷ್ಯನೇ ಸರಿ. ಕರೆದವರಿದ್ದರೆ ವೇಷ, ಇಲ್ಲದಿದ್ದರೆ ಮನೆ. ಅಂಥವನನ್ನು ರಾಜಕೀಯದ ಕಾರಣಕ್ಕಾಗಿ ಯಾರೂ ಕರೆಯಕೂಡದೆಂದು ಸಾರುವುದು ಕನ್ನಡದ ಚಳವಳಿಗೆ ಒಪ್ಪತಕ್ಕ ಆಯುಧವೇ? ಈ ಪ್ರಶ್ನೆಯನ್ನು ನಾವು ಪರರಿಗಲ್ಲ, ನಮ್ಮ ಪಕ್ಷದವರಿಗೇ ಕೇಳುತ್ತಿದ್ದೇವೆ.

2008ರಲ್ಲಿ ಹೊಗೇನಕಲ್ಲಿನ ನೀರಿನ ತಕರಾರು ಎದ್ದಾಗ ತಮಿಳು ನಟ ಸತ್ಯರಾಜರು ಚೆನ್ನೈಯ ಸಭೆಯಲ್ಲಿ ಕನ್ನಡಿಗರ ಮನಸ್ಸು ನೋಯುವಂಥ ಮಾತುಗಳನ್ನಾಡಿದರು. ಆ ಮಾತುಗಳನ್ನು ನಾವು ಸಮರ್ಥಿಸಲಾರೆವು. ಆದರೆ ಮುಂದಿನ ಒಂಬತ್ತು ವರ್ಷ ಅವರ ಚಿತ್ರಗಳು ಕರ್ನಾಟಕದಲ್ಲಿ ಬಂದುಹೋದವು. 2015ರ ‘ಬಾಹುಬಲಿ’ಯಲ್ಲಿ ಕಟ್ಟಪ್ಪನಾಗಿ ಬಂದಾಗ ಕೈತಟ್ಟಿದವರೂ ನಮ್ಮವರೇ. 2017ರ ಏಪ್ರಿಲ್ 28ರಂದು ಅದರ ಎರಡನೆಯ ಭಾಗ ತೆರೆಗೆ ಬರಲಿದೆಯೆನ್ನುವಾಗ ಹಳೆಯ ಮಾತು ಹೊಸ ಗಾಯವಾಯಿತು. ಅದೇ ದಿನ ಬಂದ್ ನಡೆಸುವುದಾಗಿ ಸಂಘಟನೆಗಳು ಸಾರಿದವು. ನಮ್ಮ ರಾಯಚೂರು ಸೀಮೆಯಲ್ಲಿಯೇ ಹುಟ್ಟಿದ ನಿರ್ದೇಶಕ ರಾಜಮೌಳಿಯವರು ಕನ್ನಡದಲ್ಲಿಯೇ ಬಿನ್ನಹ ಮಾಡಿಕೊಂಡರು. ಏಪ್ರಿಲ್ 21ರಂದು ಸತ್ಯರಾಜರು ವಿಷಾದವನ್ನು ಸೂಚಿಸಿದರು. ತಮ್ಮಿಂದ ತೊಂದರೆಯಾದೀತೆಂದು ಅಂಜುವ ನಿರ್ಮಾಪಕರು ಇನ್ನು ತಮ್ಮನ್ನು ಕರೆಯಬೇಡಿರೆಂದೂ ಹೇಳಿದರು. ಬಂದ್ ನಿಂತಿತು, ಚಿತ್ರ ನಡೆಯಿತು. ವಿಜಯವೆಂದು ಕೆಲವರು ಹಿಗ್ಗಿದರು.

ಯಾತರ ವಿಜಯ? ಕಾವೇರಿಯಲ್ಲಿ ಒಂದು ತಂಬಿಗೆ ನೀರು ಹೆಚ್ಚಲಿಲ್ಲ. ನೀರು ಹೆಚ್ಚಿದ್ದು 2018ರ ಫೆಬ್ರುವರಿ 16ರಂದು. ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270 ಟಿಎಂಸಿಯಿಂದ 284.75ಕ್ಕೆ ಏರಿಸಿತು, ಅದರಲ್ಲಿ 4.75 ಬೆಂಗಳೂರಿನ ಬಾಯಾರಿಕೆಗೆ. ಅದನ್ನು ತಂದವು ಲೆಕ್ಕದ ಕಡತಗಳು, ವರ್ಷಗಟ್ಟಲೆಯ ವಾದ. ವಕೀಲಿ ವೃತ್ತಿಯವರಾದ ನಮಗೆ ಈ ಮಾತಿನಲ್ಲಿ ತುಸು ಅಭಿಮಾನವಿದ್ದರೆ ಓದುಗರು ಕ್ಷಮಿಸಬೇಕು.

ಬಹಿಷ್ಕಾರದ ಪಟ್ಟಿ ಒಮ್ಮೆ ಆರಂಭವಾದರೆ ಎಲ್ಲಿ ನಿಲ್ಲುವುದೆಂಬುದನ್ನು ಅಮೇರಿಕೆ ಕಂಡಿದೆ. ಪೋಷಕ ನಟಿಗೆಂದು ಮೀಸಲಾದ ಆಸ್ಕರನ್ನು ಮೊತ್ತಮೊದಲು ಪಡೆದವರು ಗೇಲ್ ಸಾಂಡರ್‌ಗಾರ್ಡ್. ಕಮ್ಯೂನಿಸ್ಟರ ಬೇಟೆಯ ಕಾಲದಲ್ಲಿ ಅವರ ಹೆಸರು ಪಟ್ಟಿಗೆ ಸೇರಿತು. 1949ರ ತರುವಾಯ ಸುಮಾರು ಇಪ್ಪತ್ತು ವರ್ಷ ಅವರಿಗೆ ಬೆಳ್ಳಿತೆರೆ ಮುಚ್ಚಿತು. ಕಲೆಯಲ್ಲಿ ಕೊರತೆಯಿದ್ದುದರಿಂದಲ್ಲ.

ಅಷ್ಟು ದೂರ ಹೋಗುವುದೇಕೆ? ನಮ್ಮ ಕನ್ನಡಿಗ ಪ್ರಕಾಶ ರೈಯವರು ಗೌರಿ ಲಂಕೇಶರ ಕೊಲೆಯ ಬಳಿಕ ಬಾಯಿ ಬಿಟ್ಟು ಮಾತಾಡಿದರು. ಆಮೇಲೆ ಹಿಂದಿ ಚಿತ್ರಗಳವರು ತಮ್ಮನ್ನು ಕರೆಯುತ್ತಿಲ್ಲವೆಂದು 2018ರಲ್ಲಿ ಹೇಳಿದರು. ಅವರ ರಾಜಕೀಯ ನಮ್ಮ ಓದುಗರಲ್ಲಿ ಅನೇಕರಿಗೆ ಹಿಡಿಸದು. ಹಿಡಿಸಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ಅವರ ದೂರನ್ನು ಅನ್ಯಾಯವೆಂದು ಕೇಳಿಸಿಕೊಳ್ಳಬೇಕಾದರೆ ಸತ್ಯರಾಜರ ಅನ್ನಕ್ಕೂ ಮಣ್ಣು ಹಾಕಕೂಡದು.

ಸ್ವಾಭಿಮಾನವನ್ನು ಬಿಡಬೇಕೇ ಎಂದು ಕೇಳುವವರಿದ್ದಾರೆ. ಬಿಡಬೇಡಿರಿ. ಟಿಕೇಟು ಕೊಳ್ಳದಿರಿ, ಸಭೆಯಲ್ಲಿ ಖಂಡಿಸಿರಿ, ಪತ್ರಿಕೆಯಲ್ಲಿ ಉತ್ತರ ಬರೆಯಿರಿ. ಅದು ನಿಮ್ಮ ಹಕ್ಕು. ನೆರೆಯವನ ಟಿಕೇಟನ್ನು ಹರಿಯುವುದು ಹಕ್ಕಲ್ಲ. ಗಲಭೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅಡಗಿಸಕೂಡದೆಂದು ಸುಪ್ರೀಂ ಕೋರ್ಟು 1989ರಲ್ಲಿ ರಂಗರಾಜನ್ ಖಟ್ಲೆಯಲ್ಲಿ ಹೇಳಿತು. ಕಮಲಹಾಸನರು ಕನ್ನಡದ ಹುಟ್ಟಿನ ವಿಷಯವಾಗಿ ಆಡಿದ ಮಾತಿನಿಂದ ‘ಥಗ್ ಲೈಫ್’ ಚಿತ್ರ ನಮ್ಮಲ್ಲಿ ತಡೆಯಲ್ಪಟ್ಟಾಗ, 2025ರ ಜೂನ್‌ನಲ್ಲಿ ಅದೇ ಪಾಠವನ್ನು ನಮ್ಮ ರಾಜ್ಯಕ್ಕೆ ಹೇಳಿಸಿಕೊಳ್ಳಬೇಕಾಯಿತು. ಕನ್ನಡ ತಮಿಳಿನಿಂದ ಹುಟ್ಟಿತೆಂಬ ಮಾತಿಗೆ ಭಾಷಾಶಾಸ್ತ್ರದ ನಾಲ್ಕು ವಾಕ್ಯ ಸಾಕಾಗಿತ್ತು!

ಗಡಿಯ ಮಗ್ಗುಲಲ್ಲಿರುವ ಕಳ್ಳಕವಟಗಿ, ತಿಕೋಟೆಯ ಕಡೆಯವರಂತೂ ಇದನ್ನು ಬೇಗ ಬಲ್ಲರು. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಿಂದ ಹೋದ ಗೋಹರಬಾಯಿಯವರು ಬಾಲಗಂಧರ್ವರೊಡನೆ ಮರಾಠಿ ರಂಗಭೂಮಿಯ ಮೇಲೆ ನಿಂತರು. ತಂಗಿ ಅಮೀರಬಾಯಿಯವರು ಮುಂಬಯಿಯ ಚಿತ್ರಗಳಲ್ಲಿ ಹಾಡಿ ನಟಿಸಿದರು. ಇಬ್ಬರ ಹೆಸರಿನ ಮುಂದೆಯೂ ‘ಕರ್ನಾಟಕಿ’ ಎಂದಿತ್ತು. ಆ ಹೆಸರಿಗಾಗಿ ಯಾರೂ ಅವರ ತಾಟನ್ನು ಕಸಿಯಲಿಲ್ಲ.

ಮಹಾಜನ ಆಯೋಗದ 1967ರ ವರದಿಯನ್ನು ಹಿಡಿದು ನಾವು ಜತ್ತ, ಅಕ್ಕಲಕೋಟೆಯ ಕನ್ನಡಿಗರ ಪರವಾಗಿ ವಾದಿಸುತ್ತ ಬಂದಿದ್ದೇವೆ. ನಾಳೆ ಜತ್ತದ ಜಾತ್ರೆಯಲ್ಲಿ ಕನ್ನಡ ನಾಟಕದ ನಟನೊಬ್ಬನನ್ನು, ಬೆಳಗಾವಿಯ ವಿಷಯದಲ್ಲಿ ಅವನು ಆಡಿದ ಮಾತಿಗಾಗಿ, ಮರಾಠಿ ಸಂಘಟನೆಯೊಂದು ರಂಗದಿಂದಿಳಿಸಿದರೆ ನಾವು ಯಾವ ಮುಖದಿಂದ ಅಲ್ಲಿಗೆ ಹೋಗಿ ವಾದಿಸುವುದು?