ಬೀಗ ಹಾಕಿದ ತಾಯಿಯೋ, ಬಾಗಿಲು ತೆರೆಯದ ನಾವೋ?



ಸರ್ಕಾರಿ ಎಂಜಿನಿಯರಾಗಿ ಮೂರು ದಶಕ ಕಟ್ಟಡಗಳ ಬಿರುಕು ನೋಡಿದವನು ನಾನು. ಗಾರೆಯ ಬಿರುಕು ಬೇರೆ, ಅಡಿಪಾಯ ಕುಸಿದು ಬಂದ ಬಿರುಕು ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಗೋಡೆ ಕೆಡವಲು ಬರೆಯುವವನು ಎಂಜಿನಿಯರನೇ ಅಲ್ಲ. ಕಳೆದ ವರ್ಷ ಒಂದು ಮನೆಯ ವಿಷಯದಲ್ಲಿ ನಾನೇ ಆ ತಪ್ಪು ಮಾಡಿದೆ.

ನಮ್ಮ ಬೀದಿಯ ಕೊನೆಯಲ್ಲಿ ಗಂಡನಿಲ್ಲದ ತಾಯಿಯೊಬ್ಬರು ಇಬ್ಬರು ಮಕ್ಕಳನ್ನು ಸಂಜೆ ಮನೆಯೊಳಗೆ ಬಿಟ್ಟು, ಬೀಗ ಹಾಕಿ ದುಡಿಯಲು ಹೋಗುತ್ತಿದ್ದರು. ನಾನು 1098ಕ್ಕೆ ಫೋನ್ ಮಾಡಿದೆ. ಬಂದವರು ಹೊಸ್ತಿಲಲ್ಲೇ ನಿಂತು ಹತ್ತು ನಿಮಿಷದಲ್ಲಿ ‘ತಾಯಿಯ ನಿರ್ಲಕ್ಷ್ಯ’ ಎಂದು ಬರೆದರು. ಮಕ್ಕಳು ಬಾಲಮಂದಿರ ಸೇರಿದರು.

ಮಕ್ಕಳ ಕಲ್ಯಾಣ ಸಮಿತಿ ಆ ವರದಿಯನ್ನು ಒಪ್ಪದೆ ಮತ್ತೊಬ್ಬ ಸಮಾಜ ಕಾರ್ಯಕರ್ತೆಯನ್ನು ಕಳಿಸಿತು. ಆಕೆ ನನ್ನನ್ನೂ ಕೇಳಿದರು: “ಸರ್, ಮಕ್ಕಳು ಹಸಿದು ಅತ್ತದ್ದನ್ನು ಕೇಳಿದ್ದೀರಾ? ಮೈಮೇಲೆ ಬಾಸುಂಡೆ ಕಂಡಿದ್ದೀರಾ? ಯಾಕಮ್ಮಾ ಬೀಗ ಹಾಕ್ತೀ ಅಂತ ಒಮ್ಮೆಯಾದ್ರೂ ಕೇಳಿದ್ರಾ?” ಮೂರಕ್ಕೂ ನನ್ನ ಉತ್ತರ ಒಂದೇ: ಇಲ್ಲ.

ಆಕೆ ಮಕ್ಕಳೊಡನೆ ಕೂತು ಮಾತಾಡಿದರು. ಲಸಿಕೆ ಕಾರ್ಡು, ಅಂಗನವಾಡಿಯ ತೂಕದ ದಾಖಲೆ, ಶಾಲೆಯ ಹಾಜರಿ, ತಾಯಿಯ ಕೆಲಸದ ವೇಳೆ ಎಲ್ಲವನ್ನೂ ನೋಡಿದರು. ಮಕ್ಕಳ ಪೋಷಣೆಯಲ್ಲಿ ಕೊರತೆಯಿರಲಿಲ್ಲ. ಬೀಗ ಅಪಾಯವೇ, ಬೆಂಕಿ ಬಿದ್ದರೆ ಗತಿಯೇನು? ಆದರೆ ಶಾಲೆ, ಅಂಗನವಾಡಿ ಮುಚ್ಚಿದ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಕೊಡಲು ಮನಸ್ಸಿಲ್ಲದಿರುವುದು ನಿರ್ಲಕ್ಷ್ಯ, ಕೊಡಲು ಇಲ್ಲದಿರುವುದು ಬಡತನ.

2015ರ ಬಾಲನ್ಯಾಯ ಕಾಯ್ದೆ ಹೇಳುವುದೂ ಇದನ್ನೇ. ಸಾಮಾಜಿಕ ತನಿಖೆಗೆ ಅದು 15 ದಿನ ಕೊಟ್ಟಿರುವುದು ಹೊಸ್ತಿಲಲ್ಲಿ ನಿಂತು ಬರೆಯಲಿಕ್ಕಲ್ಲ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂಬುದು ಆ ಕಾಯ್ದೆಯ ಮೂಲ ತತ್ವಗಳಲ್ಲೊಂದು.

ಆದರೆ ನಮ್ಮವರು ಏನೆಂದರು? “ಮಠದ ಹಾಸ್ಟೆಲಿಗೆ ಸೇರಿಸಿಬಿಡಿ, ಅದೂ ದಾಸೋಹವೇ.” ಓದಲು ದೂರದಿಂದ ಬರುವ ಮಕ್ಕಳಿಗೆ ನಮ್ಮ ಪ್ರಸಾದ ನಿಲಯಗಳು ಮಾಡಿದ ಉಪಕಾರ ದೊಡ್ಡದು, ನಾನೂ ಅಲ್ಲಿ ಉಂಡು ಓದಿದವನೇ. ಆದರೆ ಕಾಯಕ ಮಾಡುವ ತಾಯಿಯ ಮಡಿಲಿನಿಂದ ಮಗುವನ್ನು ಕಿತ್ತು, ಅನ್ನ ಹಾಕಿ, ದಾಸೋಹ ಎನ್ನುವುದು ಶರಣರ ದಾರಿಯೇ? ಕಾಯಕವನ್ನು ಕೈಲಾಸವೆಂದ ಧರ್ಮ ಕಾಯಕಕ್ಕೆ ಹೋದ ತಾಯಿಯನ್ನು ತಪ್ಪಿತಸ್ಥಳೆನ್ನಬಹುದೇ?

ನನ್ನ ಪಾಲಿನದನ್ನೂ ಹೇಳುತ್ತೇನೆ. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡ ಕಾಮಗಾರಿಯಲ್ಲಿ ಅವರ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದು 1996ರ ಕಾಯ್ದೆ ಹೇಳಿತ್ತು. ಅಳತೆ ಪುಸ್ತಕಗಳಿಗೆ ಸಹಿ ಹಾಕುತ್ತಲೇ ಬಂದೆ. ಜಲ್ಲಿ ರಾಶಿಯ ಮೇಲೆ ಮಲಗಿದ್ದ ಕೂಸುಗಳನ್ನು ಕಂಡೂ ಆ ಕೋಣೆ ಎಲ್ಲಿ ಎಂದು ಕೇಳಲಿಲ್ಲ. ನನ್ನ ನಿರ್ಲಕ್ಷ್ಯದ ವರದಿಯನ್ನು ಯಾರು ಬರೆದರು?

ಪ್ರತಿ ಮಠವೂ ಸಂಜೆ ನಾಲ್ಕರಿಂದ ಎಂಟರವರೆಗೆ ಒಂದು ಕೋಣೆ ತೆರೆಯಲಿ. ಜಾತಿ ಕೇಳದೆ ದುಡಿಯುವವರ ಮಕ್ಕಳನ್ನು ಕೂರಿಸಿಕೊಳ್ಳಲಿ. ಮಕ್ಕಳು ಮನೆಯಲ್ಲೇ ಬೆಳೆಯಲೆಂದು ಮಿಷನ್ ವಾತ್ಸಲ್ಯದಲ್ಲಿ ಅರ್ಹ ಬಡ ಕುಟುಂಬಗಳಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಅದಕ್ಕೆ ಅರ್ಜಿ ಬರೆದುಕೊಡಲು ನನ್ನಂಥ ನಿವೃತ್ತರು ಕೂರಲಿ. ಹೊಡೆತ, ಹಸಿವು ಕಂಡರೆ 1098ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ. ಬರೀ ಬೀಗ ಕಂಡರೆ, ಮೊದಲು ಆ ತಾಯಿಯನ್ನು ಮಾತಾಡಿಸಿ.