ರೆಸಾರ್ಟಿಗೆ ಯಾಕ್ ಹೋದ್ರಿ ಅಂತ ಕೇಳಿದವರಿಗೆ



ಮೊನ್ನೆ ನಾನು ಹಾಕಿದ ಫೋಟೋಕ್ಕೆ ಬಂದ ಮಾತುಗಳಿಗೆ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗ್ಲಿಲ್ಲ. ಅದಕ್ಕೆ ಇಲ್ಲೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ. ಫೋಟೋದಲ್ಲಿ ಇದ್ದದ್ದು ಇಷ್ಟೇ: ದೊಡ್ಡ ರೆಸಾರ್ಟೊಂದರ ಹುಲ್ಲಿನ ಮೇಲೆ ನಮ್ಮವ್ವ ಕಾಲು ಚಾಚಿ ಕುಂತಿದ್ಲು, ಕಾಲ ಮೇಲೆ ನನ್ನ ತಂಗಿಯ ಏಳು ತಿಂಗಳ ಕೂಸು. ಅದಕ್ಕೆ ಒಬ್ಬ ಸಂಗಾತಿ, "ಅಕ್ಕಾ, ನೀವೂನಾ?" ಅಂದ. ಇನ್ನೊಬ್ಬರು ಹೋರಾಟಗಾರರಿಗೆ ಇಂಥಾ ಐಷಾರಾಮ ಯಾಕೆ, ಆ ದುಡ್ಡಲ್ಲಿ ಹಾಸ್ಟೆಲ್ ಮಕ್ಕಳಿಗೆ ಪುಸ್ತಕ ಕೊಡಿಸಬಹುದಿತ್ತು ಅಂತ ಲೆಕ್ಕ ಕೊಟ್ರು. ಮತ್ತೊಂದಿಷ್ಟು ಜನ ಉಲ್ಟಾ, "ಗೆದ್ವಿ ಅಕ್ಕಾ, ಇದೇ ನಿಜವಾದ ಕ್ರಾಂತಿ" ಅಂತ ಬೆಂಕಿ ಚಿತ್ರ ಹಾಕಿದ್ರು.

ಎರಡಕ್ಕೂ ನನ್ನ ತಕರಾರಿದೆ.

ಮೊದಲು ಲೆಕ್ಕ ಕೇಳಿದವರಿಗೆ. ದುಡ್ಡು ತಂಗಿಯದು. ಬೆಂಗಳೂರಲ್ಲಿ ಬ್ಯಾಂಕಿನಲ್ಲಿದಾಳೆ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ, ಅವ್ವನ್ನ ಒಂದ್ಸಲ ಇಂಥ ಕಡೆ ಇಟ್ಕೋಬೇಕು ಅಂತ ಎರಡು ರಾತ್ರಿಗೆ ರೂಮು ಮಾಡಿದ್ಲು. ಒಂದು ರಾತ್ರಿಗೆ 22 ಸಾವಿರ ಚಿಲ್ಲರೆ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದ್ರೆ ಒಂದು ರಾತ್ರಿ ನಿದ್ದೆಗೆ ಸುಮಾರು ಅರವತ್ತು ದಿನದ ಕೂಲಿ. ಈ ಲೆಕ್ಕ ಅವ್ವನೇ ಹಾಕಿದ್ಲು. ಹಾಕಿ, "ಹಂಗಾರೆ ನಿದ್ದೆ ಮಾಡಬಾರ್ದು, ಎಚ್ಚರ ಇದ್ದು ಎಲ್ಲಾ ನೋಡಬೇಕು" ಅಂದ್ಲು!

ಆದ್ರೆ ಒಂದು ಕೇಳ್ತೀನಿ. ಊರಿನ ದೊಡ್ಡ ಮನೆಯ ಮಗ ಹೆಂಡತಿ ಮಕ್ಕಳ ಜತೆ ಇಂಥ ಕಡೆ ಹೋದಾಗ ಯಾರಾದ್ರೂ ಹೀಗೆ ಲೆಕ್ಕ ಕೇಳಿದ್ದು ಉಂಟಾ? ನಮ್ಮ ಸರಳತೆಗೆ ಮಾತ್ರ ಎಲ್ಲರೂ ಕಾವಲುಗಾರರು. ಹೋಟೆಲು ನಮಗೆ ಬರೀ ಹೋಟೆಲಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ತೆಗೆದು ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಇವನ್ನೆಲ್ಲ ಹೆಸರು ಹಿಡಿದು ಬರೆದಿದ್ದಾರೆ. ಒಂದು ದೇಶದ ಸಂವಿಧಾನದೊಳಗೆ ಹೋಟೆಲಿನ ಬಾಗಿಲ ವಿಷಯ ಯಾಕೆ ಬರಬೇಕಾಯ್ತು ಅಂದ್ರೆ, ಆ ಬಾಗಿಲಲ್ಲಿ ನಿಲ್ಲಿಸಿಕೊಂಡವರು ಅದನ್ನ ಬರೆಯೋರ ಜತೆ ಕುಂತಿದ್ರು. 1917ರಲ್ಲಿ ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡದಲ್ಲಿ ತಂಗೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದ್ರು. ಗೊತ್ತಾದ ದಿನ ಕೋಲು ಹಿಡಿದ ಗುಂಪು ಬಂತು, ಹೊರಗೆ ಹಾಕ್ತು. ಈಗ ಅದೇ ದೇಶದ ಒಂದು ಹೋಟೆಲಿನ ಕೌಂಟರಿನಲ್ಲಿ ನಮ್ಮವ್ವ ತನ್ನ ಆಧಾರ್ ಕಾರ್ಡು ಇಟ್ಟು, ತನ್ನ ಹೆಸರಲ್ಲೇ ಹೆಬ್ಬೆಟ್ಟಲ್ಲ, ಸಹಿ ಮಾಡಿದ್ಲು. ಸಹಿ ಕಲಿತದ್ದು ಸ್ವಸಹಾಯ ಸಂಘದಲ್ಲಿ. ಇದನ್ನ ಐಷಾರಾಮ ಅಂತ ಮಾತ್ರ ನೋಡೋರ ಜತೆ ನನಗೆ ಜಗಳ ಇದೆ.

ಬರೋಡದ ಕಥೆ ನೂರು ವರ್ಷ ಹಳೇದು ಅನ್ನೋರು ಹೊಳೆ ಆಚೆ ನೋಡಿ. ಗಂಗಾವತಿ ತಾಲೂಕು ಮರಕುಂಬಿಯಲ್ಲಿ ಹೋಟೆಲಿಗೆ, ಕ್ಷೌರದಂಗಡಿಗೆ ದಲಿತರನ್ನ ಬಿಟ್ಟುಕೊಳ್ಳದೇ ಇದ್ದದ್ದನ್ನ ಪ್ರಶ್ನೆ ಮಾಡಿದ್ದಕ್ಕೆ 2014ರ ಆಗಸ್ಟಿನಲ್ಲಿ ಕೇರಿಗೆ ನುಗ್ಗಿ ಬಡಿದು ಗುಡಿಸಲು ಸುಟ್ರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರನ್ನ ಅಪರಾಧಿಗಳು ಅಂತ ತೀರ್ಮಾನಿಸಿ, 98 ಜನರಿಗೆ ಜೀವಾವಧಿ ಶಿಕ್ಷೆ ಕೊಡ್ತು. ಒಂದು ಲೋಟ ಚಾ ಕುಡಿಯೋ ಜಾಗದ ಜಗಳ ಅದು. ಅದೇ ಜಿಲ್ಲೆಯ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಹುಟ್ಟುಹಬ್ಬದ ದಿನ ಅಪ್ಪನ ಜತೆ ಹೋದ ಎರಡು ವರ್ಷದ ಮಗು ಹನುಮಪ್ಪನ ಗುಡಿಯೊಳಗೆ ಓಡಿಬಿಡ್ತು. ಅಪ್ಪ ಹೊರಗೇ ನಿಂತು ಕೈಮುಗೀತಿದ್ದ. ಗುಡಿ ಶುದ್ಧಿ ಮಾಡೋಕೆ ಅಂತ ಅವನ ಕಡೆ 25,000 ರೂಪಾಯಿ ಕೇಳಿದ್ರು. ಆಮೇಲೆ ಕೇಸಾಯಿತು, ಬಂಧನ ಆಯಿತು, ಅಧಿಕಾರಿಗಳು ಬಂದು ಸಭೆ ಮಾಡಿದ್ರು. ಇನ್ನೂ ಮಾತು ಸರಿಯಾಗಿ ಬಾರದ ಕೂಸು ಅದು.

ಅದಕ್ಕೇ ನಮ್ಮ ಕೂಸು ಆ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋದಾಗ ನನಗೆ ಸಣ್ಣ ವಿಷಯ ಅನ್ನಿಸಲಿಲ್ಲ. ರೂಮಿನಲ್ಲಿ ಮರದ ತೊಟ್ಟಿಲು ಇಟ್ಟಿದ್ರು. ಪುಟ್ಟ ಟವೆಲು, ಬಾಟಲಿ ಕುದಿಸೋಕೆ ಒಂದು ಡಬ್ಬಿ, ಸ್ನಾನಕ್ಕೆ ಪುಟ್ಟ ತೊಟ್ಟಿ. ಉಪ್ಪು ಹಾಕದ ರಾಗಿ ಸರಿ ಮಾಡಿಕೊಡ್ತೀರಾ ಅಂದ್ರೆ ಅಡುಗೆಯವರೇ ಬಂದು ಎಷ್ಟು ಗಟ್ಟಿ ಇರಬೇಕು ಅಂತ ಕೇಳಿಕೊಂಡು ಹೋದ್ರು. ಎಲ್ಲಾ ಕೂಸಿಗೂ ಇಂಥ ಉಪಚಾರ ಸಿಗಬೇಕಲ್ಲಾ ಅನ್ನಿಸುವಷ್ಟು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳ್ಲಿ.

ಈಗ "ಗೆದ್ವಿ" ಅಂದವರಿಗೆ.

ಮಧ್ಯಾಹ್ನ ಊಟದ ಹಾಲಿಗೆ ಹೋದ್ವಿ. ತಂಗಿ, ಅವಳ ಗಂಡ ಮುಂದೆ. ಕೂಸನ್ನ ಎತ್ತಿಕೊಂಡ ಅವ್ವ ಹಿಂದೆ. ಬಾಗಿಲಲ್ಲಿದ್ದ ಹುಡುಗ ಬಹಳ ಮೆತ್ತಗೆ, ಬಹಳ ಗೌರವದಿಂದ ಹೇಳಿದ: "ಅಮ್ಮಾ, ಆಯಾಗಳಿಗೆ, ಡ್ರೈವರ್‌ಗಳಿಗೆ ಊಟ ಹಿಂದುಗಡೆ ಇದೆ." ಜಾತಿ ಕೇಳಲಿಲ್ಲ. ಕೇಳೋ ಅಗತ್ಯ ಇರಲಿಲ್ಲ. ನೂಲಿನ ಸೀರೆ, ಬಿಸಿಲಿಗೆ ಸುಟ್ಟ ಕೈ, ಕೂಸನ್ನ ಸೊಂಟದ ಮೇಲೆ ಕೂರಿಸಿಕೊಂಡ ಬಗೆ, ಇಷ್ಟು ಸಾಕಾಯ್ತು. ತಂಗಿ ತಿರುಗಿ, "ಅವರು ನಮ್ಮಮ್ಮ" ಅಂದ್ಲು. ಹುಡುಗ ಕ್ಷಮೆ ಕೇಳಿದ, ಮ್ಯಾನೇಜರ್ ಬಂದು ಕ್ಷಮೆ ಕೇಳಿದ್ರು, ಬಿಟ್ಟಿ ಐಸ್ ಕ್ರೀಂ ಬಂತು. ನಾನು ಆ ಹುಡುಗನ ಮೇಲೆ ಸಿಟ್ಟು ಮಾಡಲ್ಲ. ಅವನಿಗೆ ಯಾರೋ ಕಲಿಸಿದ್ದನ್ನ ಅವನು ಹೇಳಿದ. ನನ್ನ ಪ್ರಶ್ನೆ ಬೇರೆ: ನಮ್ಮವ್ವ ನಿಜಕ್ಕೂ ಆಯಾ ಆಗಿದ್ದಿದ್ರೆ? ಆ ಕೂಸನ್ನ ದಿನವಿಡೀ ಎತ್ತಿ ಆಡಿಸೋ ಹೆಂಗಸು ಅದೇ ಮೇಜಿನಲ್ಲಿ ಉಣ್ಣಬಾರದು ಅನ್ನೋ ನಿಯಮಕ್ಕೆ ಏನಂತ ಹೆಸರು? ನಮ್ಮೂರ ಕಡೆ ಹೋಟೆಲುಗಳಲ್ಲಿ ಬೇರೆ ಲೋಟ ಇಡ್ತಿದ್ದದ್ದಕ್ಕೆ ನಾವು ಒಂದು ಹೆಸರು ಕೊಟ್ಟಿದ್ವಿ. ಇಲ್ಲಿ ಬೇರೆ ಲೋಟದ ಬದಲು ಬೇರೆ ಕೋಣೆ.

ಯಾವ ಹೋಟೆಲು, ಯಾವ ಜಿಲ್ಲೆ ಅಂತ ಬರೆಯಲ್ಲ. ಕಾರಣ ಮುಂದೆ ಗೊತ್ತಾಗುತ್ತೆ.

ಬೆಳಿಗ್ಗೆ ರೂಮು ಗುಡಿಸಿ ಹಾಸಿಗೆ ಬಟ್ಟೆ ಬದಲಿಸೋಕೆ ಒಬ್ಬ ಹೆಣ್ಣುಮಗಳು ಬಂದ್ಲು. ನಮ್ಮ ಸೀಮೆಯ ಮಾತು. ನಾನು ಕೇರಿ ಕೇಳಲಿಲ್ಲ, ಆಕೀನೂ ಕೇಳಲಿಲ್ಲ. ಮೊಬೈಲಿನ ಕವರಿನ ಹಿಂದೆ ನೀಲಿ ಕೋಟಿನ ಫೋಟೋ ಇತ್ತು, ಅಷ್ಟೇ. ನಮ್ಮ ಕೂಸು ಅಳೋಕೆ ಶುರು ಮಾಡ್ತು. ಆಕಿ ಕೈಲಿದ್ದ ಟವೆಲನ್ನ ತಟ್ಟನೆ ಎದೆಗೆ ಒತ್ತಿ ಹಿಡಿದು ಗೋಡೆ ಕಡೆ ತಿರುಗಿದ್ಲು. ಹಾಲೂಡಿಸಿದವರಿಗೆ ಗೊತ್ತು ಯಾಕೆ ಅಂತ. ಅವ್ವ, "ನಿನಗೂ ಸಣ್ಣ ಕೂಸೈತೇನವ್ವಾ?" ಅಂದ್ಲು. ಐದು ತಿಂಗಳದ್ದಂತೆ. ಕೂಸಿಗೆ ಮೂರು ತುಂಬೋ ಹೊತ್ತಿಗೆ ಕೆಲಸಕ್ಕೆ ಬಂದಾಳೆ. ಹೆರಿಗೆ ರಜೆ ಸಿಗಲಿಲ್ಲವಾ ಅಂದ್ರೆ, "ಯಕ್ಕಾ, ನಾವು ಕಂಪ್ನಿಯವರಲ್ಲ, ಕಾಂಟ್ರಾಕ್ಟರ್ ಕಡೆಯವರು. ಬಿಡು, ಆಮೇಲೆ ಬಾ ಅಂದ್ರು, ಬಂದೆ" ಅಂದ್ಲು. ಬೆಳಿಗ್ಗೆ ಆರಕ್ಕೆ ವ್ಯಾನು ಹತ್ತಿದ್ರೆ ಮನೆ ಮುಟ್ಟೋದು ಸಂಜೆ ಏಳಕ್ಕೆ. ಕೂಸನ್ನ ಅತ್ತೆ ನೋಡ್ತಾಳೆ. ಅತ್ತೆ ಕೂಲಿಗೆ ಹೋದ ದಿನ ದೊಡ್ಡ ಮಗಳು ನೋಡ್ತಾಳೆ, ವಯಸ್ಸು ಒಂಬತ್ತು. ಆ ದಿನ ಅವಳಿಗೆ ಶಾಲೆ ಇಲ್ಲ.

ಆ ಮಾತು ಕೇಳಿ ಅವ್ವ ನನ್ನ ಮುಖ ನೋಡಿದ್ಲು. ಯಾಕಂದ್ರೆ ಆ ಒಂಬತ್ತು ವರ್ಷದ ಹುಡುಗಿ ನಾನೇ. ಹೊಸಹಳ್ಳಿ ಸುತ್ತ ಬರೀ ಮಳೆ ನಂಬಿದ ಹೊಲ, ಶೇಂಗಾ ಕೀಳೋ ಕಾಲಕ್ಕೆ ಅವ್ವ ಬೇವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ತಂಗಿಯನ್ನ ಅದರಲ್ಲಿ ಹಾಕಿ ನನ್ನನ್ನ ತೂಗೋಕೆ ಕೂರಿಸ್ತಿದ್ಲು. ಇರುವೆ ಹತ್ತದ ಹಾಗೆ ನೋಡಿಕೊಳ್ಳೋದು, ಅತ್ತರೆ ಅವ್ವನ ಸಾಲಿನ ತನಕ ಎತ್ತಿಕೊಂಡು ಹೋಗೋದು, ಮಾಲೀಕ ನೋಡದ ಹಾಗೆ ಹಾಲು ಕುಡಿಸಿ ವಾಪಸು ತರೋದು. ಒಂದು ವರ್ಷ ನನ್ನ ಶಾಲೆ ಹಂಗೇ ಹೋಯ್ತು. ತಂಗಿಗೆ ಹಂಗಾಗಲಿಲ್ಲ, ಅವಳ ಹಿಂದೆ ಯಾರೂ ಹುಟ್ಟಲಿಲ್ಲ. ಅವಳು ಬ್ಯಾಂಕಿಗೆ ಹೋದ್ಲು. ಮನೆಯ ದೊಡ್ಡ ಹೆಣ್ಣುಮಗಳು ಶಾಲೆ ಬಿಡೋದಕ್ಕೆ ಸರ್ಕಾರದ ಕಾಗದದಲ್ಲಿ ಏನೇನೋ ಕಾರಣ ಬರೀತಾರೆ, ಸೊಂಟದ ಮೇಲಿನ ಕೂಸು ಅಂತ ಬರೆದದ್ದು ನಾನು ನೋಡಿಲ್ಲ.

ತಂಗಿಗೆ 26 ವಾರದ ಸಂಬಳದ ರಜೆ ಸಿಕ್ಕಿತು. ಆ ಹಾಸಿಗೆ ಬದಲಿಸೋ ತಾಯಿಗೆ? ಕಾಯ್ದೆ ಒಂದೇ! 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರಲ್ಲಿ ತಿದ್ದುಪಡಿ ಆದದ್ದು. ಮೊದಲ ಎರಡು ಮಕ್ಕಳಿಗೆ 26 ವಾರ. ಹೆರಿಗೆ ರಜೆಯಲ್ಲಿದ್ದಾಳೆ ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನ ನೋಡಿ ಬರಬಹುದು. ಈ ಸೌಲಭ್ಯಗಳ ಬಗ್ಗೆ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಬರವಣಿಗೆಯಲ್ಲಿ ತಿಳಿಸಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಶಿಶುಪಾಲನಾ ಕೇಂದ್ರಕ್ಕೆ ಅದೇ 50ರ ಲೆಕ್ಕ. ಇದರ ಬೇರು ಎಲ್ಲಿದೆ ಗೊತ್ತಾ? 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ, ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ ಅಂತ ಎದ್ದು ನಿಂತು ವಾದಿಸಿದವರು ಬಾಬಾಸಾಹೇಬರು. ಮರುವರ್ಷ ಅದು ಕಾಯ್ದೆ ಆಯ್ತು. ನೀಲಿ ಬಾವುಟ ಹಿಡಿದ ನಮ್ಮ ಗಂಡಸರ ಭಾಷಣಗಳಲ್ಲಿ ಮಹಾಡ್ ಬರುತ್ತೆ, ಪೂನಾ ಒಪ್ಪಂದ ಬರುತ್ತೆ, ಈ 1928 ಮಾತ್ರ ಬರೋದೇ ಇಲ್ಲ.

ಈ 50 ಅನ್ನೋ ಸಂಖ್ಯೆ ಹೇಗೆ ಜಾರುತ್ತೆ ಅಂತಾನೂ ನೋಡಿ. ತೋಟಕ್ಕೆ ಒಬ್ಬ ಗುತ್ತಿಗೆದಾರ, ರೂಮು ಗುಡಿಸೋಕೆ ಇನ್ನೊಬ್ಬ, ಬಟ್ಟೆ ಒಗೆಯೋಕೆ ಮತ್ತೊಬ್ಬ. ಪ್ರತಿಯೊಬ್ಬನ ಹಾಜರಿ ಪುಸ್ತಕದಲ್ಲೂ ಇಪ್ಪತ್ತು, ಮೂವತ್ತು ಹೆಸರು. ಒಂದೇ ಕಾಂಪೌಂಡಿನೊಳಗೆ ನೂರು ಜನ ದುಡಿದ್ರೂ ಯಾರ ಪುಸ್ತಕದಲ್ಲೂ 50 ಮುಟ್ಟಲ್ಲ. ಬಂದ ಅತಿಥಿಯ ಕೂಸಿಗೆ ತೊಟ್ಟಿಲು ಇಡೋಕೆ ಜಾಗ ಇದೆ, ಕೆಲಸದವರ ಕೂಸಿಗೆ ಒಂದು ಕೋಣೆ ಮಾಡೋಕೆ ಜಾಗ ಇಲ್ಲ ಅಂದ್ರೆ ನಾನು ನಂಬಲ್ಲ. ಮಕ್ಕಳಿಗೆ ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು, ನಾನೇ ಕಣ್ಣಾರೆ ನೋಡಿ ಬಂದೀನಿ.

ಸರ್ಕಾರದ ಕಡೆಯಿಂದ 2023ರಲ್ಲಿ ಶುರುವಾದ 'ಕೂಸಿನ ಮನೆ' ಇದೆ, 4,000 ಗ್ರಾಮ ಪಂಚಾಯಿತಿಗಳ ಗುರಿ ಇಟ್ಟುಕೊಂಡದ್ದು. ಒಳ್ಳೇ ಕೆಲಸ, ನಮ್ಮ ತಾಲೂಕುಗಳಲ್ಲಿ ಅದು ಬಾಗಿಲು ಹಾಕದ ಹಾಗೆ ನಾವೇ ಕಾಯಬೇಕು. ಆದ್ರೆ ಅದರ ಲೆಕ್ಕ ಶುರುವಾದದ್ದು ನರೇಗಾ ಕೂಲಿಕಾರ ತಾಯಂದಿರಿಂದ. ಬೆಳಿಗ್ಗೆ ಆರಕ್ಕೆ ಹೋಟೆಲಿನ ವ್ಯಾನು ಹತ್ತೋಳಿಗೆ ಆಮೇಲೆ ತೆರೆಯೋ ಮನೆ ಏನು ಮಾಡೀತು? ಅಂಗನವಾಡಿಯಲ್ಲಿ ಕೂತು ಕಲಿಯೋದು ಮೂರು ವರ್ಷ ತುಂಬಿದ ಮೇಲೆ.

ಇನ್ನೊಂದು ಮಾತು, ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ. ಸಂಜೆ ಅಲ್ಲಿ 'ಹಳ್ಳಿ ಅನುಭವ' ಅಂತ ಇಟ್ಟಿದ್ರು. ಎತ್ತಿನ ಗಾಡಿ, ಕಟ್ಟಿಗೆ ಒಲೆ, ರೊಟ್ಟಿ ಬಡಿಯೋದು. ಜನ ಮಕ್ಕಳನ್ನ ಗಾಡಿಯಲ್ಲಿ ಕೂರಿಸಿ ಫೋಟೋ ತೆಗೀತಿದ್ರು. ಚೆಂದದ ಹಳ್ಳಿ, ಆದ್ರೆ ಅದರಲ್ಲಿ ಕೇರಿ ಇರಲಿಲ್ಲ. ಹಳ್ಳಿ ಅಂದ್ರೆ ನಮಗೆ ಏನು ಅಂತ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಮುಚ್ಚುಮರೆ ಇಲ್ಲದೇ ಹೇಳಿದ್ದಾರೆ, ಹುಡುಕಿ ಓದಿ. ಅವ್ವ ಆ ಒಲೆ ಮುಂದೆ ಸ್ವಲ್ಪ ಹೊತ್ತು ನಿಂತು, "ಹೊಗೆ ಜಾಸ್ತಿ ಮಾಡ್ಯಾರ, ಕಟ್ಟಿಗೆ ಹಸಿ ಐತಿ" ಅಂತ ಹೇಳಿ ರೂಮಿಗೆ ಬಂದು ಟಿವಿ ಹಾಕಿದ್ಲು.

ಹಂಗಾಗಿ ಸಂಗಾತಿಗಳೇ, ನಾವು ಅಲ್ಲಿಗೆ ಹೋಗಬಾರದು ಅನ್ನೋ ಮಾತನ್ನ ನಾನು ಒಪ್ಪಲ್ಲ. ಇನ್ನೂ ಹೋಗ್ತೀವಿ, ಅವ್ವಂದಿರನ್ನ, ಕೂಸುಗಳನ್ನ ಕರಕೊಂಡೇ ಹೋಗ್ತೀವಿ. ಹೋದವರು ಮುಂಬಾಗಿಲಿನ ಫೋಟೋ ಹಾಕಿ, ಜತೆಗೆ ಹಿಂಬಾಗಿಲಲ್ಲಿ ಯಾರಿದ್ದಾರೆ, ಅವರ ಕೂಸು ಎಲ್ಲಿದೆ ಅಂತ ಕೇಳಿ ಬನ್ನಿ. ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಜಮೀನು, ಸ್ಮಶಾನ, ಹಾಸ್ಟೆಲು ಇವೆ. ಶಿಶುಪಾಲನಾ ಕೇಂದ್ರ ಅನ್ನೋ ಪದ ಇಲ್ಲ. ಅದನ್ನ ಸೇರಿಸಬೇಕು ಅಂತ ಮುಂದಿನ ಸಭೆಯಲ್ಲಿ ನಾನು ಮಂಡಿಸ್ತೀನಿ, ಗಂಡಸರು ಮೊಬೈಲು ನೋಡ್ಕೊಂಡು ಕೂರಬಾರದು ಅಂತ ಈಗಲೇ ಕೇಳಿಕೊಳ್ತೀನಿ.

ಮಾಹಿತಿ ಹಕ್ಕಿನಡಿ ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಬರೆದಿಟ್ಟೀನಿ. ವಿಜಯನಗರ, ಕೊಪ್ಪಳ, ಬಳ್ಳಾರಿ ಮೂರು ಜಿಲ್ಲೆಗಳಲ್ಲಿ 50ಕ್ಕಿಂತ ಹೆಚ್ಚು ಜನ ದುಡಿಯೋ ಹೋಟೆಲು, ರೆಸಾರ್ಟುಗಳು ಎಷ್ಟು, ಗುತ್ತಿಗೆ ಕೆಲಸಗಾರರನ್ನ ಸೇರಿಸಿ ಎಣಿಸಿದ್ರಾ ಇಲ್ಲವಾ, ಎಷ್ಟು ಕಡೆ ಶಿಶುಪಾಲನಾ ಕೇಂದ್ರ ಇದೆ, ತಪಾಸಣೆ ಕೊನೇ ಸಲ ಯಾವಾಗ ಆಯ್ತು, ಇಷ್ಟೇ ಪ್ರಶ್ನೆ. ಬೇರೆ ಜಿಲ್ಲೆಯವರು ತಮ್ಮ ಜಿಲ್ಲೆ ಹೆಸರು ಬದಲಿಸಿ ಹಾಕಬಹುದು. ಅರ್ಜಿಯ ನಕಲು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಹೋಟೆಲುಗಳಲ್ಲಿ ಕೆಲಸ ಮಾಡೋ ಅಕ್ಕ ತಂಗಿಯರು ಹೆಸರು ಹೇಳದೇ ಬರೆದ್ರೂ ಸಾಕು.

ಜೈ ಭೀಮ್.